ವಾಪಸ್ ಗಾಡಿ

"ಬೈಕನ್ನ ಯಾವ ಗಾಡೀಲಿ ತಂದ್ರಿ ಯಜಮಾನ್ರೇ?"

ರೇಸಿನ ಉಸ್ತುವಾರಿ ಹೊತ್ತಿದ್ದ ಮೇಘನ ಇಷ್ಟು ಕೇಳಿದ್ದೇ ತಡ, ಗಂಗುಲಪ್ಪನ ಬಾಯಿಗೆ ಸುಳ್ಳು ತಾನಾಗಿಯೇ ಬಂದುಬಿಟ್ಟಿತು. "ಬೆಂಗಳೂರಿಂದ ವ್ಯಾನ್ ತರಿಸಿದ್ದೆ ಮೇಡಂ, ಸ್ಪೆಷಲ್ಲಾಗಿ. ಇಳಿಸಿ ಹೊರಟೋಯ್ತು." ಹೇಳಿ ಮೀಸೆಯನ್ನೂ ಒಮ್ಮೆ ಸವರಿಕೊಂಡ.

ಇನ್ನೇನು ಮಾಡಿಯಾನು ಪಾಪ! ಶ್ರೀನಿವಾಸಪುರದ ಆಚೆಯ ಆ ಬಯಲಿನಲ್ಲಿ ಉಳಿದವರ ಗಾಡಿಗಳೆಲ್ಲ ಮದುವೆ ಛತ್ರದ ಮುಂದೆ ನಿಂತಂತೆ ಮಿರಮಿರ ಮಿಂಚುತ್ತಿದ್ದವು. ಇವನೋ, ಬೆಳಗ್ಗೆ ಕೋಲಾರದ ಮಂಡಿಯಲ್ಲಿ ಟೊಮೆಟೊ ಇಳಿಸಿ, ಅಲ್ಲಿನ ಗ್ಯಾರೇಜಿನಲ್ಲಿದ್ದ ಮಗಳು ಶ್ರೀವಾಣಿಯ ಬೈಕನ್ನು ಖಾಲಿ ಕ್ರೇಟುಗಳ ನಡುವೆ ಹಗ್ಗದಿಂದ ಬಿಗಿದು, ಊರಿಗೆ ವಾಪಸಾಗುವ ದಾರಿಯಲ್ಲಿ ಇಲ್ಲಿ ಇಳಿಸಿದ್ದ. ಅವಳು ಟೊಮೆಟೊ ಗಾಡಿಯಲ್ಲಿ ಬಂದಳು ಎಂದು ಯಾರೂ ಆಡಿಕೊಳ್ಳಬಾರದೆಂದು ಟೆಂಪೋವನ್ನು ಹುಣಸೆ ಮರದ ಹಿಂದೆ ಬಚ್ಚಿಟ್ಟು, ಬೈಕಿನ ಸೀಟಿಗೆ ಮೆತ್ತಿದ್ದ ರಸವನ್ನು ಹೆಗಲ ಮೇಲಿನ ಟವೆಲಿನಿಂದಲೇ ಉಜ್ಜಿ ತೆಗೆದಿದ್ದ.

ಶ್ರೀವಾಣಿ ಓಡಿಸಿದ ಚಂದವೇ ಚಂದ. ದಿಬ್ಬ ಹಾರಿ, ಧೂಳೆಬ್ಬಿಸಿ, ಮುಳಬಾಗಿಲಿನ ನಂದೀಶನ ಬೆನ್ನಿಗೇ ಗೆರೆ ದಾಟಿದಳು. ಕೂದಲೆಳೆಯಷ್ಟು ಹಿಂದೆ, ಅಷ್ಟೆ. ಗಂಗುಲಪ್ಪನಿಗೆ ಅದೇ ಸಾಕಾಗಿತ್ತು. ಆದರೆ ಅವಳು ಹೆಲ್ಮೆಟ್ ತೆಗೆದು ನಗುತ್ತಲೇ ಅಪ್ಪನ ಬಳಿ ಬಂದಳು.

"ನಾಯ್ನಾ, ಕಪ್ ನಮ್ದೇ!"

"ಎರಡನೇದಕ್ಕೆ ಯಾವ ಕಪ್ಪಮ್ಮಾ?"

"ಈ ಸಲ ಹೊಗೆ ಲೆಕ್ಕಾನೂ ಇದೆ. ಬೈಕ್ ತರೋಕೆ ಡೀಸೆಲ್ ಜಾಸ್ತಿ ಸುಟ್ಟಷ್ಟೂ ಮಾರ್ಕ್ಸ್ ಕಟ್. ನಂದೀಶಣ್ಣ ಒಂದು ಬೈಕಿಗೆ ಒಂದು ಲಾರಿ ತಂದವ್ರೆ. ನಮ್ದು ಹೆಂಗೂ ಖಾಲಿ ವಾಪಸ್ ಬರೋ ಗಾಡಿ, ನಮಗೇನೂ ಕಟ್ ಇಲ್ಲ."

ಬೆಂಗಳೂರಿನ ವ್ಯಾನ್ ಎಂದು ತಾನೇ ಹೇಳಿದ್ದು ಗಂಗುಲಪ್ಪನಿಗೆ ನೆನಪಾಯಿತು. ಅತ್ತ ಮೇಘನ ಆಗಲೇ ಮೈಕ್ ಹಿಡಿದಿದ್ದಳು. ಹೇಳಿದರೆ ಇಷ್ಟು ಜನರ ಮುಂದೆ ತನ್ನ ಮರ್ಯಾದೆ ಹೋಗುತ್ತದೆ, ಸುಮ್ಮನಿದ್ದರೆ ಮಗಳ ಕಪ್ ಹೋಗುತ್ತದೆ. ಅವನ ಕಾಲು ವೇದಿಕೆಯ ಕಡೆಗೆ ನಡೆದೇಬಿಟ್ಟಿತು.

"ಮೇಡಂ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು." ಮೈಕ್ ಆನ್ ಆಗಿಯೇ ಇತ್ತು, ಬಯಲಿಗೆಲ್ಲ ಕೇಳಿಸಿತು. "ವ್ಯಾನೂ ಇಲ್ಲ, ಏನೂ ಇಲ್ಲ. ನಮ್ಮ ಟೊಮೆಟೊ ಟೆಂಪೋದಲ್ಲೇ ತಂದಿದ್ದು. ಮಗಳಿಗೆ ಅವಮಾನ ಆಗ್ಬಾರ್ದು ಅಂತ ಹಂಗಂದೆ."

"ಅವಮಾನ ಏನು ಬಂತು ನಾಯ್ನಾ?" ಹಿಂದೆಯೇ ಬಂದಿದ್ದ ಶ್ರೀವಾಣಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದಿದ್ದವು. "ಈ ಬೈಕ್ ಕೊಂಡಿದ್ದೇ ಟೊಮೆಟೊ ಮಾರಿ."

"ಗಾಡಿ ತನ್ನಿ, ನೋಡೋಣ" ಎಂದಳು ಮೇಘನ.

ಕ್ರೇಟುಗಳನ್ನು ಗಡಗಡಿಸುತ್ತಾ ಟೆಂಪೋ ಎಲ್ಲರ ನಡುವೆ ಬಂದು ನಿಂತಿತು. ಮೇಘನ ಹತ್ತಿ ಇಣುಕಿದಳು. ಅಪ್ಪಚ್ಚಿಯಾದ ಟೊಮೆಟೊಗಳ ಮೇಲೆ ಬೈಕಿನ ಟೈರಿನ ಅಚ್ಚು ಹಸಿಹಸಿಯಾಗಿತ್ತು.

"ಬಿಟ್ಟ ಹೊಗೆಗೆ ಬದಲು ಅಂತ ನಾವು ರೇಸ್ ಮುಗಿದ ಮೇಲೆ ಹೊಂಗೆ ಸಸಿ ನೆಡ್ತೀವಿ ಯಜಮಾನ್ರೇ" ಎಂದಳು ಅವಳು ಇಳಿಯುತ್ತಾ. "ಬೈಕಿಗೆ ಅಂತ ನೀವು ಬೇರೆ ಹೊಗೇನೇ ಬಿಡಲಿಲ್ಲ. ಇದನ್ನ ಮರದ ಹಿಂದೆ ಬಚ್ಚಿಡ್ತಾರಾ ಯಾರಾದ್ರೂ?"

ಕಪ್ಪನ್ನು ಶ್ರೀವಾಣಿ ವೇದಿಕೆಯ ಮೇಲೆ ತೆಗೆದುಕೊಳ್ಳಲಿಲ್ಲ. ಟೆಂಪೋ ಹತ್ತಿ, ಅಪ್ಪನನ್ನೂ ಕೈಹಿಡಿದು ಹತ್ತಿಸಿಕೊಂಡು, ಕ್ರೇಟುಗಳ ನಡುವೆ ನಿಂತು ಇಸಿದುಕೊಂಡಳು. ಬಯಲೆಲ್ಲ ಚಪ್ಪಾಳೆ. ಗಂಗುಲಪ್ಪ ಹೆಮ್ಮೆಯಿಂದ ಮೀಸೆ ಸವರಿಕೊಂಡ.

ಮೊದಲು ಗೆರೆ ದಾಟಿಯೂ ಕಪ್ ತಪ್ಪಿಸಿಕೊಂಡ ನಂದೀಶ ಟೆಂಪೋದ ಪಕ್ಕಕ್ಕೆ ಬಂದು ತಲೆ ಕೆರೆದುಕೊಂಡ. "ಯಜಮಾನ್ರೇ, ಮುಂದಿನ ರೇಸಿಗೆ ನನ್ ಬೈಕಿಗೂ ಇದ್ರಲ್ಲಿ ಜಾಗ ಸಿಗ್ತದಾ?"

ಗಂಗುಲಪ್ಪ ಹೆಗಲ ಮೇಲಿದ್ದ, ಟೊಮೆಟೊ ಕಲೆಯ ಅದೇ ಟವೆಲನ್ನು ಕೊಡವಿ ತಲೆಗೆ ರುಮಾಲು ಸುತ್ತಿಕೊಂಡ.

"ಸಿಗ್ತದಪ್ಪ. ಆದ್ರೆ ಮೊದ್ಲು ಮಂಡೀಲಿ ಟೊಮೆಟೊ ಇಳೀಬೇಕು."