ಎಡೆ ಮುಟ್ಟದ ಕಾಗೆ

ಕಾಗೆ ಎಡೆಯ ಹತ್ತಿರದವರೆಗೂ ಬಂದು, ಮುಟ್ಟದೆ ಹಾರಿಹೋಯಿತು.

"ನಿನ್ ಹೀರೋಗೆ ಏನೋ ಕೊರಗು ಅದೆ ಕಣ್ಲಾ," ಎಂದಳು ಜವರಮ್ಮ.

ಅಮೆರಿಕದ ಕೋಲ್ಮಾ ಊರಿನ ಆ ಸ್ಮಶಾನದಲ್ಲಿ ಮಲಗಿದ್ದವನು ಜಿನೋ ಬೆಲ್ಲಾಂಡಿ. ಒಂದು ಕಾಲಕ್ಕೆ ಬ್ಯಾಟು ಹಿಡಿದು ಬಂದನೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಎದ್ದು ನಿಲ್ಲುತ್ತಿತ್ತಂತೆ. ಸತ್ತು ಎಷ್ಟೋ ವರ್ಷವಾದರೂ ಬೇಸ್‌ಬಾಲ್ ಅಭಿಮಾನಿಗಳು ಬಂದು ಅವನ ಕಲ್ಲಿಗೆ ಬ್ಯಾಟು ಒರಗಿಸಿ, ಚೆಂಡು ಇಟ್ಟು ಹೋಗುತ್ತಿದ್ದರು. ಯೂನಿಯನ್ ಸಿಟಿಯ ಜಯರಾಮನೂ ಮಗಳು ನವ್ಯಾಳ ಕೈಯಿಂದ ಚೆಂಡು ಇಡಿಸಿ, ಅವಳ ನಾಳೆಯ ಟೀಮ್ ಸೆಲೆಕ್ಷನ್ನಿಗೆ ಆಶೀರ್ವಾದ ಬೇಡಲು ಬಂದಿದ್ದ. ಮಂಡ್ಯದಿಂದ ಬಂದಿದ್ದ ಅವನ ತಾಯಿ ಜವರಮ್ಮ, "ಸತ್ತೋರಿಗೆ ಬರೀ ಚೆಂಡು ಕೊಟ್ರೆ ಹೊಟ್ಟೆ ತುಂಬ್ತದಾ?" ಎಂದು ಬಾಳೆಲೆಯ ಮೇಲೆ ವಡೆ, ಒಬ್ಬಟ್ಟು, ಜೊತೆಗೆ ಜಿನೋಗೆ ಇಷ್ಟವಿತ್ತೆಂದು ಕೇಳಿ ತಿಳಿದ ಹಾಟ್ ಡಾಗನ್ನೂ ಬಡಿಸಿದ್ದಳು. ಕಾಗೆ ಮುಟ್ಟಿದರೆ ಸತ್ತವನು ಒಪ್ಪಿದ ಹಾಗೆ. ಮುಟ್ಟದಿದ್ದರೆ ಅವನ ಮನಸ್ಸಿಗೆ ಹಿಡಿಸುವಂಥ ಮಾತು ಕೊಡಬೇಕು.

ನವ್ಯಾಗೆ ಬೇಕಿದ್ದದ್ದು ಈಜು. ಚೆಂಡು ಎದುರಿಗೆ ಬಂದರೆ ಅವಳ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ನಿನ್ನೆಯೆಲ್ಲ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು.

ಜಯರಾಮ ಕೈಮುಗಿದು ಕಣ್ಣು ಮುಚ್ಚಿದ. "ಜಿನೋ ಸರ್, ನನ್ ಮಗಳನ್ನ ನಿಮ್ ಥರಾನೇ ಪ್ಲೇಯರ್ ಮಾಡ್ತೀನಿ."

ಕಾಗೆ ಹುಲ್ಲಿನ ಮೇಲಿಳಿದು ಕುಪ್ಪಳಿಸುತ್ತ ಬಂತು. ಜವರಮ್ಮ ಸದ್ದಿಲ್ಲದೆ ಸೆರಗನ್ನೊಮ್ಮೆ ಕೊಡವಿದಳು. ಕಾಗೆ ಹಾರಿತು. ನವ್ಯಾ ಬಾಯಿ ತೆರೆದಳು. ಅಜ್ಜಿ ಕಣ್ಣು ಹೊಡೆದಳು.

"ಬಂತಾ ಅವ್ವ?"

"ಎಲ್ಲಿ ಬಂತಪ್ಪ."

"ಒಳ್ಳೇ ಕೋಚಿಂಗು ಕೊಡಿಸ್ತೀನಿ ಸರ್. ಪ್ರಾಮಿಸ್."

ಸೆರಗು ಮತ್ತೆ ಆಡಿತು.

"ನೀನೇ ಹೇಳ್ದಲ್ಲೋ," ಎಂದಳು ಜವರಮ್ಮ ನಿಧಾನವಾಗಿ, "ಈ ನಿನ್ ಜಿನೋ, ಅವ್ರಪ್ಪ ಬೇಕರೀಲಿ ಕೂತ್ಕೋ ಅಂತ ಬಡ್ದ್ರೂ ಕೇಳ್ದೆ ಓಡೋಗಿ ಆಡ್ದೋನು ಅಂತ. ಅಂಥೋನ್ ಮುಂದೆ ನಿಂತು ಮಗೀನ ಬಲವಂತ ಮಾಡ್ತೀನಿ ಅಂದ್ರೆ ಉಂಡಾನಾ?"

ಜಯರಾಮ ಕಣ್ಣು ತೆರೆದ. ಆಮೇಲೆ ಮಗಳ ಕಡೆ ತಿರುಗಿದ. "ನಿಂಗೆ ಇಷ್ಟ ಇಲ್ವಾ ಪುಟ್ಟಿ?"

"ಐ ವಾಂಟ್ ಟು ಸ್ವಿಮ್, ಅಪ್ಪಾ."

ಅವನು ಮತ್ತೆ ಕಣ್ಣು ಮುಚ್ಚಿದ. "ಆಯ್ತು ಸರ್. ಅವಳಿಷ್ಟ. ಈಜಲಿ."

ಜವರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದೂರ ಸರಿದಳು. ಕಾಗೆ ನೇರವಾಗಿ ಬಂದು, ವಡೆಯನ್ನೂ ಒಬ್ಬಟ್ಟನ್ನೂ ಮೂಸಿಯೂ ನೋಡದೆ, ಹಾಟ್ ಡಾಗನ್ನೇ ಕಚ್ಚಿಕೊಂಡು ಸಮಾಧಿಯ ಕಲ್ಲಿನ ಮೇಲೆ ಕೂತಿತು. ಜಯರಾಮ ಕಣ್ಣೊರೆಸಿಕೊಂಡು ಕಾರು ತರಲು ಹೋದ.

"ಅಜ್ಜಿ, ದಟ್ ವಾಸ್ ಚೀಟಿಂಗ್," ನವ್ಯಾ ಪಿಸುಗುಟ್ಟಿದಳು.

"ಸುಮ್ಕಿರು ಕೂಸೆ. ನಿಮ್ ತಾತನ ತಿಥೀಲೂ ಹಿಂಗೇ ಆಗಿತ್ತು. ನಿಮ್ಮಪ್ಪ ಮೆಚ್ಚಿದ ಹುಡ್ಗೀನೇ ಮನೆಗೆ ತರ್ತೀವಿ ಅಂತ ನಿಮ್ ದೊಡ್ಡಪ್ಪ ಕೈಮುಗ್ದು ಒಪ್ಕೊಂಡ್ ಮೇಲೇ ಕಾಗೆ ಬಂದದ್ದು." ಜವರಮ್ಮ ಮೊಮ್ಮಗಳ ಗಲ್ಲ ಹಿಡಿದಳು. "ಅವತ್ತು ನಾನು ಸುಮ್ನೆ ನಿಂತಿದ್ರೆ, ನೀನೆಲ್ಲಿರ್ತಿದ್ದೆ ಹೇಳು?"