ಸೋಪಿನ ನೀರು

ಬಟ್ಟೆ ಒಗೆದ ಸೋಪಿನ ನೀರಿನ ಬಕೆಟ್ಟನ್ನು ದೊಡ್ಡ ಸೊಸೆ ವಾರಗಿತ್ತಿಯ ಗೋಬರ್ ಗ್ಯಾಸ್ ಗುಂಡಿಯ ಬಾಯಿಗೆ ತಂದು ಹಿಡಿದಳು. ಸೋಪು ಬಿದ್ದರೆ ಗ್ಯಾಸು ಹುಟ್ಟುವುದೇ ನಿಂತುಹೋಗುತ್ತದೆ ಎಂದು ಗುಂಡಿ ಕಟ್ಟಿದ ಮೇಸ್ತ್ರಿಯೇ ಹೇಳಿದ್ದ. ಸಗಣಿ ತನ್ನ ಹಸುವಿನದೂ ಉಂಟು, ಕೊಳೆತ ಸೊಪ್ಪು ತನ್ನ ಹೊಲದ್ದೂ ಉಂಟು. ಹೊಗೆಯಿಲ್ಲದ ನೀಲಿ ಉರಿ ಮಾತ್ರ ಆ ಮಹಾರಾಣಿಗೆ! ತಾನು ಹಸಿ ಸೌದೆ ಊದಿ ಊದಿ ಕಣ್ಣು ಕಳೆದುಕೊಳ್ಳಬೇಕು, ಅವಳು ಮೈಗೆ ಮಸಿ ತಾಗದಂತೆ ಅಡುಗೆ ಮಾಡಬೇಕು.

"ಅಕ್ಕಾ, ಎಲ್ಲಿದೀರ? ಬೇಗ ಬನ್ನಿ!"

ವಾರಗಿತ್ತಿಯ ದನಿ, ಅದೂ ತನ್ನದೇ ಅಡುಗೆಮನೆಯಿಂದ. ದೊಡ್ಡವಳು ಬಕೆಟ್ಟಿನ ಸಮೇತ ಒಳಗೆ ಓಡಿದಳು. ಕಟ್ಟೆಯ ಮೇಲೆ ಹೊಸ ಒಲೆ, ಅದಕ್ಕೆ ಗೋಡೆಯಾಚೆಯಿಂದ ಬಂದ ಪೈಪು.

"ನೀವು ಬಟ್ಟೆ ಒಗೀತಿದ್ದಾಗ ಮೇಸ್ತ್ರಿ ಕೈಲಿ ಹಾಕಿಸ್ಬಿಟ್ಟೆ. ಗ್ಯಾಸು ಇಬ್ರಿಗೂ ಸಾಕಾಗತ್ತಂತೆ. ಮೊದ್ಲು ನೀವೇ ಹಚ್ಚಿ."

ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ ಎಂದು ದೊಡ್ಡವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.

"ಅದ್ಯಾಕಕ್ಕ, ಆ ಕೊಳಕು ನೀರು ಒಳಗೆ ತಂದ್ರಿ?"

ದೊಡ್ಡವಳು ಮೂಲೆಯಲ್ಲಿ ಉರಿಯುತ್ತಿದ್ದ ತನ್ನ ಸೌದೆ ಒಲೆಗೆ ಬಕೆಟ್ಟನ್ನು ಪೂರ್ತಿ ಬಗ್ಗಿಸಿದಳು. ಒಲೆ ಚೊಂಯ್ ಎಂದು ಆರಿತು.

"ಇದಕ್ಕೇ ಕಣೇ," ಎಂದಳು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತ.