ಒಂದು ಗೇಣು ಕೆಳಗೆ

ನಮ್ಮೂರ ಕೋಟೆ ನಿಂತಿರುವುದು ಜನರ ಮೈಬಿಸಿಯಿಂದ. ವಾರಕ್ಕೊಂದು ಗಂಟೆಯಾದರೂ ಯಾರಾದರೂ ಬೆನ್ನು ಆನಿಸಿ ನಿಲ್ಲದಿದ್ದರೆ ಗೋಡೆ ತಣ್ಣಗಾಗಿ, ಕಲ್ಲುಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಅದಕ್ಕೇ ಮನೆಗೊಂದು ಮಾರು ಗೋಡೆಯನ್ನು ಹಂಚಿಕೊಂಡಿದ್ದೇವೆ. ಒಬ್ಬರ ಪಾಲಿಗೆ ಇನ್ನೊಬ್ಬರು ಬೆನ್ನು ಕೊಡುವ ರೂಢಿಯಿಲ್ಲ.

ಶಾಲೆಯಲ್ಲಿ ಅಡುಗೆ ಮಾಡುವ ಹುಲಿಗೆವ್ವ ಕಾಲು ಮುರಿದುಕೊಂಡು ಮೂರು ವಾರ ಮಲಗಿದ್ದಳು; ಮನೆಯಲ್ಲಿ ಬೇರೆ ಯಾರೂ ಇಲ್ಲ. ಇವತ್ತು ಕೋಲೂರಿಕೊಂಡು ಕೋಟೆ ಹತ್ತುವಾಗ ಅವಳ ಕಣ್ಣು ತನ್ನ ಪಾಲಿನಿಂದ ಉದುರಿದ ಕಲ್ಲುಗಳನ್ನೇ ಹುಡುಕುತ್ತಿತ್ತು. ಅವಳ ಅಜ್ಜಿ, ಅವ್ವ ಇಬ್ಬರೂ ಕಾಯ್ದುಕೊಂಡು ಬಂದ ಗೋಡೆ ಅದು.

ಒಂದು ಕಲ್ಲೂ ಕದಲಿರಲಿಲ್ಲ.

ಪಕ್ಕದ ಪಾಲಿಗೆ ಬೆನ್ನು ಆನಿಸಿ ದೇವಕ್ಕ ಮೊಬೈಲ್ ನೋಡುತ್ತಿದ್ದಳು. ನಳದ ಮುಂದೆ ಯಾರ ಕೊಡ ಮೊದಲು ಎಂದು ಜಗಳವಾದ ಮೇಲೆ ಇಬ್ಬರಿಗೂ ನಾಲ್ಕು ವರ್ಷದಿಂದ ಮಾತಿಲ್ಲ.

ಹುಲಿಗೆವ್ವ ತನ್ನ ಬೆನ್ನು ತಾಗುವ ಎತ್ತರದಲ್ಲಿ ಕಲ್ಲು ಮುಟ್ಟಿದಳು. ತಣ್ಣಗಿತ್ತು. ಕೈ ಹಾಗೇ ಕೆಳಗೆ ಜಾರಿಸಿದಳು. ಒಂದು ಗೇಣು ಕೆಳಗೆ ಗೋಡೆ ಬೆಚ್ಚಗಿತ್ತು. ದೇವಕ್ಕ ನಿಂತರೆ ಹುಲಿಗೆವ್ವನ ಭುಜಕ್ಕೆ ಬರುತ್ತಾಳೆ.

"ಕಲ್ಲು ಬೆಚ್ಚಗ ಅದಾವು," ಎಂದಳು ಹುಲಿಗೆವ್ವ, ಯಾರಿಗೂ ಅಲ್ಲವೆಂಬಂತೆ.

ದೇವಕ್ಕ ತಲೆ ಎತ್ತಲಿಲ್ಲ. "ಬಿಸಲಿಗೆ ಆಗಿರಬೇಕು."

ಆ ಗೋಡೆಗೆ ವರ್ಷವಿಡೀ ಬಿಸಿಲೇ ಬೀಳುವುದಿಲ್ಲ.

ಹುಲಿಗೆವ್ವ ಕೋಲನ್ನು ಬದಿಗಿಟ್ಟು, ನೋಯುವ ಕಾಲನ್ನು ಮುಂದೆ ಚಾಚಿ, ಒಂದು ಗೇಣು ಕುಗ್ಗಿ ಆ ಬಿಸುಪಿಗೇ ಬೆನ್ನು ಆನಿಸಿದಳು.

"ನಾಳೆ ನಳಕ್ಕ ಮೊದಲ ನಿನ್ನ ಕೊಡ ಇಡು," ಎಂದಳು ಹುಲಿಗೆವ್ವ.